ಜಾಲಯಂತ್ರಗಳ ಕಡತ: ಆರ್‌ಎಫ್‌ಸಿ ೩೫೩೫ರ ಒಂದು ವಿಮರ್ಶೆ

೧

ಚರಿತ್ರೆಯ ಅಧ್ಯಾಪಕರಾದ ನಾವು ಕಂಪ್ಯೂಟರ್ ಜಾಲಗಳಿಗೆ ಸಂಬಂಧಿಸಿದ ಒಂದು ಬರಹವನ್ನು ವಿಮರ್ಶೆಗೆ ಎತ್ತಿಕೊಂಡಿರುವುದು ಕೆಲವು ವಾಚಕರಿಗೆ ಅನಧಿಕಾರ ಪ್ರವೇಶವೆಂದು ತೋರಬಹುದು. ಆದುದರಿಂದ ಈ ಉದ್ಯಮಕ್ಕೆ ನಮ್ಮನ್ನು ಪ್ರೇರಿಸಿದ ಸಂಗತಿಯನ್ನು ಮೊದಲು ನಿವೇದಿಸಿ, ಅನಂತರ ವಿಷಯಕ್ಕೆ ಬರುತ್ತೇವೆ.

ನಾವು ಬಲ್ಲ ಒಂದು ಕಾಲೇಜಿನಲ್ಲಿ ಸ್ನಾತಕೋತ್ತರ ತರಗತಿಯ ವಿದ್ಯಾರ್ಥಿಗಳು ತಮ್ಮ ಪ್ರಬಂಧಗಳಿಗಾಗಿ ದೂರದ ಒಂದು ದಾಖಲೆ ಭಂಡಾರದ ಪುಟಗಳನ್ನು ಗ್ರಂಥಾಲಯದ ಕಂಪ್ಯೂಟರುಗಳಲ್ಲಿ ತೆರೆಯಲು ಯತ್ನಿಸಿದರು. ಪುಟಗಳು ತೆರೆಯಲಿಲ್ಲ. ಹೊರಗೆ ತೆರೆಯುತ್ತಿದ್ದವು, ಕಾಲೇಜಿನಲ್ಲಿ ಮಾತ್ರ ಇಲ್ಲ. ಹುಡುಕಿ ನೋಡಲಾಗಿ, ಕಾಲೇಜಿನ ರೂಟರಿನಲ್ಲಿದ್ದ ಒಂದೇ ಒಂದು ಸಾಲು ಆ ಭಂಡಾರದ ವಿಳಾಸವೂ ಸೇರಿದ ಒಂದು ವಿಳಾಸ ಶ್ರೇಣಿಯನ್ನೇ ತಡೆದಿದ್ದಿತು. ಆ ಸಾಲು ಯಾವ ದಿನ ಸೇರಿತೆಂಬುದು ಪ್ರತಿರಾತ್ರಿ ತೆಗೆದಿಡುತ್ತಿದ್ದ ನಕಲುಗಳಿಂದ ತಿಳಿಯಿತು. ಯಾರ ಹೆಸರಿನಲ್ಲಿ ಸೇರಿತೆಂಬುದೂ ತಿಳಿಯಿತು. ಏಕೆ ಸೇರಿತೆಂಬುದು ಮಾತ್ರ ಎಲ್ಲಿಯೂ ಸಿಗಲಿಲ್ಲ. ಸೇರಿಸಿದವರು ಕೆಲಸ ಬಿಟ್ಟು ಹೋಗಿ ಬಹುಕಾಲವಾಗಿತ್ತು. ಹೊಸ ವಿದ್ಯಾರ್ಥಿಗಳ ಪ್ರವೇಶದ ದಿನಗಳಾದುದರಿಂದ, ಸಾಲನ್ನು ತೆಗೆದರೆ ಏನಾದೀತೋ ಎಂಬ ಅಂಜಿಕೆಯಿಂದ ಯಾರೂ ಅದಕ್ಕೆ ಕೈಹಾಕಲಿಲ್ಲ. ಹೀಗೆ ನಾಲ್ಕು ವಾರಗಳು ಸಂದುವು. ಸ್ವಂತ ಕಂಪ್ಯೂಟರಿಲ್ಲದೆ ಗ್ರಂಥಾಲಯವನ್ನೇ ನಂಬಿಕೊಂಡಿದ್ದ ವಿದ್ಯಾರ್ಥಿಗಳಿಗೆ ಆ ನಾಲ್ಕು ವಾರಗಳು ಪ್ರಬಂಧದ ಅರ್ಧ ಅವಧಿಯೇ ಆಗಿದ್ದುವು.

ಕಾಲವೂ ಕರ್ತೃವೂ ತಿಳಿದಿದ್ದು ಉದ್ದೇಶ ಮಾತ್ರ ತಿಳಿಯದಿರುವ ದಾಖಲೆ ಚರಿತ್ರೆಯ ವಿದ್ಯಾರ್ಥಿಗೆ ಹೊಸದೇನೂ ಅಲ್ಲ. ಆದರೆ ಹತ್ತು ವರ್ಷವೂ ತುಂಬದ ಬರಹವೊಂದು ಸಾವಿರ ವರ್ಷದ ಭಗ್ನಶಾಸನದಷ್ಟೇ ದುರ್ಬೋಧವಾಗಿ ನಿಂತುದು ನಮಗೆ ವಿಸ್ಮಯವನ್ನುಂಟುಮಾಡಿತು. ಇಂತಹ ಯಂತ್ರಗಳ ಬರಹವನ್ನು ಹೇಗೆ ಇಡತಕ್ಕದ್ದೆಂದು ಬಲ್ಲವರು ಕುಳಿತು ವಿಚಾರಮಾಡಿದ್ದುಂಟೆ ಎಂದು ವಿಚಾರಿಸಿದಾಗ, ಉಂಟೆಂದು ತಿಳಿದುಬಂದಿತು. ಆ ವಿಚಾರದ ವರದಿಯೇ ೨೦೦೩ನೆಯ ಇಸವಿಯ ಮೇ ತಿಂಗಳಲ್ಲಿ ಪ್ರಕಟವಾದ ಆರ್‌ಎಫ್‌ಸಿ ೩೫೩೫. ಈ ಪುಟ್ಟ ದಸ್ತಾವೇಜಿನ ಗುಣದೋಷಗಳನ್ನು ಆಕರವಿಮರ್ಶೆಯ ದೃಷ್ಟಿಯಿಂದ ಪರಾಮರ್ಶಿಸುವುದು ಪ್ರಕೃತ ಲೇಖನದ ಉದ್ದೇಶ.

೨

ವಿಷಯ ಪರಿಚಯವಿಲ್ಲದ ವಾಚಕರಿಗಾಗಿ ಎರಡು ಮಾತು ಅವಶ್ಯ. ರೂಟರ್, ಸ್ವಿಚ್, ಫೈರ್‌ವಾಲ್ ಮುಂತಾದ ಜಾಲಯಂತ್ರಗಳು ತಾವಾಗಿ ಏನನ್ನೂ ನಿಶ್ಚಯಿಸಲಾರವು. ಯಾವ ಪೋರ್ಟಿಗೆ ಯಾವ ವಿಳಾಸ, ಯಾವ ಮಾರ್ಗವನ್ನು ನೆರೆಯ ಯಂತ್ರಕ್ಕೆ ತಿಳಿಸತಕ್ಕದ್ದು, ಯಾರನ್ನು ಒಳಗೆ ಬಿಡತಕ್ಕದ್ದು, ಯಾರನ್ನು ತಡೆಯತಕ್ಕದ್ದು ಎಂಬುದೆಲ್ಲವನ್ನೂ ಮನುಷ್ಯನು ಸಾಲುಸಾಲಾಗಿ ಬರೆದು ಕೊಡಬೇಕು. ಈ ಆಜ್ಞಾಸಮುಚ್ಚಯವನ್ನು ಯಂತ್ರವಿದರು ಕಾನ್ಫಿಗರೇಷನ್ ಎನ್ನುತ್ತಾರೆ. ನಾವು ಸಂರಚನೆ ಎಂದು ಕರೆಯೋಣ. ಒಂದು ದೊಡ್ಡ ರೂಟರಿನ ಸಂರಚನೆ ಸಾವಿರಾರು ಸಾಲುಗಳಷ್ಟು ಬೆಳೆಯಬಹುದು. ಒಂದು ಜಾಲದಲ್ಲಿ ಅಂತಹ ಯಂತ್ರಗಳು ನೂರಾರು ಇರಬಹುದು.

ಸಂರಚನೆಯನ್ನು ಬರೆದಿಟ್ಟ ಬರಹಕ್ಕೆ ಕನ್ನಡದಲ್ಲಿ ಇಂದು ಕಡತವೆಂಬ ಮಾತು ರೂಢಿಯಲ್ಲಿದೆ. ಈ ಮಾತು ಅರ್ಥವತ್ತಾಗಿದೆ. ನಮ್ಮ ನಾಡಿನ ವರ್ತಕರೂ ಮಠಗಳೂ ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಸಿ, ಅದರ ಮೇಲೆ ಬಳಪದಿಂದ ಲೆಕ್ಕಪತ್ರಗಳನ್ನು ಬರೆಯುತ್ತಿದ್ದರು. ಅದೇ ಮೂಲ ಕಡತ. ಶೃಂಗೇರಿ ಮಠದ ಕಡತಗಳು ಚರಿತ್ರೆಯ ಅಮೂಲ್ಯ ಆಕರಗಳೆಂಬುದು ವಿದಿತವೇ ಆಗಿದೆ. ಕಡತದ ವಿಶೇಷವೆಂದರೆ ಬರೆದುದನ್ನು ಒರಸಿ ಅದೇ ಬಟ್ಟೆಯ ಮೇಲೆ ಮತ್ತೆ ಬರೆಯಬಹುದು. ಒರಸಿದಾಗ ಹಳೆಯದು ಹೋಗುತ್ತದೆ. ಜಾಲಯಂತ್ರದ ಸಂರಚನೆಯೂ ಇಂಥದೇ. ಸಿಸ್ಕೋ ಸಂಸ್ಥೆಯ ಯಂತ್ರಗಳಲ್ಲಿ ನಡೆಯುತ್ತಿರುವ ಸಂರಚನೆಯೊಂದು, ಯಂತ್ರ ಮತ್ತೆ ಹೊತ್ತಿಕೊಂಡಾಗ ಓದತಕ್ಕ ಸಂರಚನೆಯೊಂದು, ಹೀಗೆ ಎರಡು ಪ್ರತಿಗಳಿರುತ್ತವೆ. ಮೊದಲನೆಯದನ್ನು ತಿದ್ದಿ ಎರಡನೆಯದಕ್ಕೆ ಇಳಿಸುವುದನ್ನು ಮರೆತರೆ, ವಿದ್ಯುತ್ತು ಹೋಗಿ ಬಂದೊಡನೆ ತಿದ್ದುಪಡಿಯೆಲ್ಲ ಮಾಯವಾಗುತ್ತದೆ. ಇಳಿಸಿದರೆ ಹಿಂದಿನ ಪಾಠ ಅಳಿಸಿಹೋಗುತ್ತದೆ. ಹಳೆಯ ಪಾಠವನ್ನು ಬೇರೆಡೆ ಕಾಪಾಡಿಕೊಳ್ಳುವುದು ನಿರ್ವಾಹಕನ ಹೊಣೆ.

ಈ ಹೊಣೆಯನ್ನು ಹಗುರಮಾಡಲು ನಿರ್ವಾಹಕರು ತಾವೇ ಉಪಕರಣಗಳನ್ನು ಕಟ್ಟಿಕೊಂಡರು. ಅವುಗಳಲ್ಲಿ ರಾನ್ಸಿಡ್ ಎಂಬುದು ಪ್ರಸಿದ್ಧ. ಅದು ಗೊತ್ತಾದ ವೇಳೆಗೆ ಒಂದೊಂದು ಯಂತ್ರವನ್ನೂ ಹೊಕ್ಕು, ಸಂರಚನೆಯನ್ನು ಓದಿ, ಹಿಂದಿನ ಪ್ರತಿಯೊಡನೆ ಹೋಲಿಸಿ, ವ್ಯತ್ಯಾಸವನ್ನು ಅಂಚೆಯ ಮೂಲಕ ನಿರ್ವಾಹಕರಿಗೆ ತಿಳಿಸಿ, ಹೊಸ ಪ್ರತಿಯನ್ನು ಭಂಡಾರದಲ್ಲಿ ಸೇರಿಸುತ್ತದೆ. ಗ್ರಂಥಸಂಪಾದಕನು ಓಲೆಯ ಪ್ರತಿಗಳನ್ನು ಪಕ್ಕಪಕ್ಕದಲ್ಲಿಟ್ಟು ಪಾಠಾಂತರಗಳನ್ನು ಗುರುತಿಸುವ ಕೆಲಸವನ್ನೇ ಇದು ಪ್ರತಿನಿತ್ಯ ಮಾಡುತ್ತದೆ. ಹೋಲಿಸುವ ಕೆಲಸಕ್ಕೆ ಬೆಲ್ ಪ್ರಯೋಗಶಾಲೆಯಲ್ಲಿ ೧೯೭೦ರ ದಶಕದಲ್ಲಿ ಹುಟ್ಟಿದ ಡಿಫ್ ಎಂಬ ಕ್ರಮವಿಧಿ ಮೂಲ. ಪ್ರತಿಗಳನ್ನು ಕಾಯ್ದಿಡುವ ಕೆಲಸಕ್ಕೆ ಆರ್‌ಸಿಎಸ್, ಸಿವಿಎಸ್, ಈಚೆಗೆ ೨೦೦೫ರಲ್ಲಿ ಬಂದ ಗಿಟ್ ಮೊದಲಾದವು ಸಾಧನಗಳು.

೩

ಈಗ ದಸ್ತಾವೇಜಿನ ವಿಚಾರ. ಆರ್‌ಎಫ್‌ಸಿ ಎಂಬುದು ಒಂದು ಬರಹಮಾಲೆಯ ಹೆಸರು. ೧೯೬೯ನೆಯ ಇಸವಿ ಏಪ್ರಿಲ್ ೭ರಂದು ಸ್ಟೀವ್ ಕ್ರಾಕರ್ ಬರೆದ ಮೊದಲ ಬರಹದಿಂದ ಇಂದಿನವರೆಗೆ ಈ ಮಾಲೆ ನಡೆದುಬಂದಿದೆ. ಒಮ್ಮೆ ಪ್ರಕಟವಾದ ಆರ್‌ಎಫ್‌ಸಿಯ ಪಾಠವನ್ನು ಯಾರೂ ತಿದ್ದುವಂತಿಲ್ಲ. ತಪ್ಪು ಕಂಡರೆ ಪ್ರತ್ಯೇಕವಾಗಿ ತಪ್ಪೋಲೆಯಲ್ಲಿ ಸೂಚಿಸಬೇಕು. ಮತ ಬದಲಾದರೆ ಹೊಸ ಸಂಖ್ಯೆಯಲ್ಲಿ ಹೊಸದಾಗಿ ಬರೆಯಬೇಕು. ಒರಸಿ ಬರೆಯುವ ಯಂತ್ರಗಳನ್ನು ಕುರಿತು ಒರಸಲಾಗದ ಬರಹಗಳನ್ನು ಬರೆದಿಟ್ಟ ಈ ಜನ ದಾಖಲೆಯ ಬೆಲೆಯನ್ನು ಅರಿಯದವರಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳತಕ್ಕದ್ದು.

೨೦೦೨ನೆಯ ಇಸವಿ ಜೂನ್ ೪ರಿಂದ ೬ರವರೆಗೆ ಅಮೆರಿಕದ ವರ್ಜೀನಿಯ ಪ್ರಾಂತದ ರೆಸ್ಟನ್ ಎಂಬಲ್ಲಿ ಒಂದು ಗೋಷ್ಠಿ ನಡೆಯಿತು. ಇಂಟರ್‌ನೆಟ್ ಆರ್ಕಿಟೆಕ್ಚರ್ ಬೋರ್ಡ್ ಎಂಬ ಮಂಡಲಿ ಅದನ್ನು ಕರೆದಿತ್ತು. ಜಾಲಗಳನ್ನು ದಿನವೂ ನಡೆಸುವ ನಿರ್ವಾಹಕರನ್ನೂ, ಪ್ರೋಟೋಕಾಲುಗಳನ್ನು ರಚಿಸುವ ತಜ್ಞರನ್ನೂ ಎದುರುಬದುರಾಗಿ ಕೂರಿಸಿ ಮಾತನಾಡಿಸುವುದು ಅದರ ಉದ್ದೇಶ. ವರದಿಯನ್ನು ಸಿದ್ಧಪಡಿಸಿದವರು ಶೋನ್‌ವೆಲ್ಡರ್.

ಗೋಷ್ಠಿಯ ಹಿನ್ನೆಲೆಯಲ್ಲಿ ಒಂದು ಹಳೆಯ ವ್ಯಾಜ್ಯವಿತ್ತು. ಜಾಲಯಂತ್ರಗಳ ಆಡಳಿತಕ್ಕಾಗಿ ಎಸ್‌ಎನ್‌ಎಂಪಿ ಎಂಬ ಪ್ರೋಟೋಕಾಲ್ ೧೯೮೮ರಲ್ಲಿ ಪ್ರಕಟವಾಗಿ, ೧೯೯೦ರ ಆರ್‌ಎಫ್‌ಸಿ ೧೧೫೭ರಲ್ಲಿ ನೆಲೆಗೊಂಡಿತ್ತು. ಯಂತ್ರದ ಸ್ಥಿತಿಯನ್ನು ಕೇಳಿ ತಿಳಿಯುವುದಕ್ಕೂ ಬದಲಾಯಿಸುವುದಕ್ಕೂ ಅದರಲ್ಲಿ ಅವಕಾಶವಿದ್ದಿತು. ಕೇಳಿ ತಿಳಿಯುವ ಅಂಗವನ್ನು ಲೋಕವೆಲ್ಲ ಸ್ವೀಕರಿಸಿತು. ಬದಲಾಯಿಸುವ ಅಂಗವನ್ನು ಬಹುಮಟ್ಟಿಗೆ ಯಾರೂ ಮುಟ್ಟಲಿಲ್ಲ. ನಿರ್ವಾಹಕರು ಎಂದಿನಂತೆ ಆಜ್ಞಾಸಾಲುಗಳನ್ನು ಕೈಯಿಂದ ಬರೆದೇ ಯಂತ್ರಗಳನ್ನು ತಿದ್ದುತ್ತಿದ್ದರು. ತಜ್ಞರು ಹತ್ತು ವರ್ಷಕ್ಕೂ ಮೇಲ್ಪಟ್ಟು ಒಂದನ್ನು ಕಟ್ಟಿದರೆ, ಬಳಸತಕ್ಕವರು ಮತ್ತೊಂದನ್ನು ಬಳಸುತ್ತಿದ್ದರು. ಇದು ಏಕೆ ಹೀಗಾಯಿತೆಂದು ಮುಚ್ಚುಮರೆಯಿಲ್ಲದೆ ಕೇಳಿದುದೇ ರೆಸ್ಟನ್ ಗೋಷ್ಠಿಯ ದೊಡ್ಡ ಗುಣ.

ವರದಿಯ ಕ್ರಮ ಸರಳವಾಗಿದೆ. ಬಳಕೆಯಲ್ಲಿದ್ದ ಒಂದೊಂದು ವಿಧಾನವನ್ನೂ ಎತ್ತಿಕೊಂಡು ಅದರ ಗುಣಗಳನ್ನೂ ದೋಷಗಳನ್ನೂ ಪಟ್ಟಿಮಾಡಿದ್ದಾರೆ. ಎಸ್‌ಎನ್‌ಎಂಪಿಯಲ್ಲಿ ಸಂರಚನೆಯನ್ನು ಇಡಿಯಾಗಿ ಹೊರಕ್ಕೆ ತೆಗೆದು ಮತ್ತೆ ಇಡಿಯಾಗಿ ಒಳಕ್ಕೆ ಹಾಕುವುದು ಸುಲಭವಲ್ಲವೆಂದು ಆಕ್ಷೇಪಿಸಿದವರೇ, ಉಸ್ತುವಾರಿಗೆ ಅದು ಒದಗುತ್ತದೆಂದು ಒಪ್ಪಿದ್ದಾರೆ. ಆಜ್ಞಾಸಾಲು ಮನುಷ್ಯನಿಗೆ ಹಿತವೆಂದು ಮೆಚ್ಚಿದವರೇ, ಯಂತ್ರತಂತ್ರಾಂಶದ ಪ್ರತಿ ಆವೃತ್ತಿಯಲ್ಲೂ ಅದರ ರೂಪ ಬದಲಾಗುವುದರಿಂದ ಯಾಂತ್ರಿಕವಾಗಿ ಓದುವುದು ಕಷ್ಟವೆಂದು ಹೇಳಿದ್ದಾರೆ. ತಮ್ಮದೇ ಕೃತಿಯ ದೋಷವನ್ನು ತಮ್ಮದೇ ಮಾಲೆಯಲ್ಲಿ ಅಚ್ಚುಹಾಕಿಸುವ ಈ ಪ್ರಾಮಾಣಿಕತೆ ನಮ್ಮ ವಿದ್ವತ್ಸಭೆಗಳಲ್ಲಿ ವಿರಳ.

ವರದಿಯ ತಿರುಳಿರುವುದು ನಿರ್ವಾಹಕರ ಹದಿನಾಲ್ಕು ಬೇಡಿಕೆಗಳಲ್ಲಿ. ಅವೆಲ್ಲವನ್ನೂ ಇಲ್ಲಿ ವಿವರಿಸಲು ಸ್ಥಳವಿಲ್ಲ. ಮುಖ್ಯವಾದುವನ್ನು ಮೂರು ಗುಂಪುಗಳಾಗಿ ನೋಡಬಹುದು.

ಮೊದಲನೆಯ ಗುಂಪು ಪೃಥಕ್ಕರಣಕ್ಕೆ ಸಂಬಂಧಿಸಿದುದು. ನಿರ್ವಾಹಕನು ಹೇಳಿದುದು ಬೇರೆ, ಯಂತ್ರ ಸದ್ಯ ಇರುವ ಸ್ಥಿತಿ ಬೇರೆ, ಅದು ಎಣಿಸಿದ ಲೆಕ್ಕ ಬೇರೆ. ಈ ಮೂರನ್ನೂ ಬೆರಸದೆ ಪ್ರತ್ಯೇಕವಾಗಿ ಪಡೆಯುವಂತಿರಬೇಕು. ಚರಿತ್ರಕಾರನಿಗೆ ಇದರ ಮಹತ್ತ್ವ ತಟ್ಟನೆ ಹೊಳೆಯುತ್ತದೆ. ಸುಂಕವನ್ನು ಮನ್ನಾ ಮಾಡಿದೆವೆಂದು ಶಾಸನ ಹೇಳಿದರೆ ಅದು ಅರಸನ ಇಚ್ಛೆ. ಊರಿನಲ್ಲಿ ಸುಂಕ ನಿಂತಿತೇ ಇಲ್ಲವೇ ಎಂಬುದು ಮತ್ತೊಂದು ಪ್ರಶ್ನೆ. ಇಚ್ಛೆಯನ್ನೇ ಸ್ಥಿತಿಯೆಂದು ಭ್ರಮಿಸಿದ ಚರಿತ್ರೆಗಳನ್ನು ನಾವು ಸಾಕಷ್ಟು ಓದಿದ್ದೇವೆ.

ಎರಡನೆಯ ಗುಂಪು ಸಮಗ್ರತೆಗೆ ಸಂಬಂಧಿಸಿದುದು. ಒಂದೊಂದು ಯಂತ್ರವನ್ನು ಬಿಡಿಯಾಗಿ ನೋಡದೆ ಜಾಲವನ್ನು ಒಂದಾಗಿ ಸಂರಚಿಸುವಂತಿರಬೇಕು. ಹಲವು ಯಂತ್ರಗಳ ಬದಲಾವಣೆ ಒಟ್ಟಿಗೆ ನಡೆಯಬೇಕು, ಇಲ್ಲವೇ ಒಟ್ಟಿಗೆ ನಿಲ್ಲಬೇಕು. ಸಂರಚನೆಯನ್ನು ತಲಪಿಸುವುದು ಒಂದು ಕ್ರಿಯೆ, ಜಾರಿಗೆ ತರುವುದು ಇನ್ನೊಂದು ಕ್ರಿಯೆ ಎಂಬ ಭೇದವಿರಬೇಕು.

ಮೂರನೆಯ ಗುಂಪು ಪಾಠಪರಿಶೋಧನೆಗೆ ಸಂಬಂಧಿಸಿದುದು. ಎರಡು ಕಾಲಗಳ ಸಂರಚನೆಗಳನ್ನು ಹೋಲಿಸಿ ಏನು ಬದಲಾಯಿತೆಂದು ಸುಲಭವಾಗಿ ಕಾಣಬೇಕು. ಹತ್ತನೆಯ ಬೇಡಿಕೆಯಂತೂ ಡಿಫ್, ಆರ್‌ಸಿಎಸ್, ಸಿವಿಎಸ್‌ಗಳನ್ನು ಹೆಸರಿಸಿ, ಅವುಗಳಿಗೆ ಒಗ್ಗುವಂತೆ ಯಂತ್ರಗಳು ಸಂರಚನೆಯನ್ನು ಒಪ್ಪಿಸಬೇಕು, ಪ್ರವೇಶ ನಿಯಂತ್ರಣ ಪಟ್ಟಿಯ ಸಾಲುಗಳನ್ನು ಮನಬಂದಂತೆ ಹಿಂದುಮುಂದು ಮಾಡಬಾರದು ಎಂದು ಕೇಳುತ್ತದೆ. ಇಂತಹ ಪಟ್ಟಿಯಲ್ಲಿ ಯಂತ್ರ ಮೇಲಿನಿಂದ ಓದುತ್ತ ಬಂದು, ಮೊದಲು ಹೊಂದಿಕೊಂಡ ಸಾಲಿನಂತೆ ನಡೆಯುತ್ತದೆ. ಎಲ್ಲರನ್ನೂ ತಡೆ ಎಂಬ ಸಾಲು ಕೊನೆಯಲ್ಲಿದ್ದರೆ ಕಾವಲು. ಮೊದಲಿಗೆ ಬಂದರೆ ಸರ್ವನಾಶ. ಆದುದರಿಂದ ಕ್ರಮವೇ ಇಲ್ಲಿ ಅರ್ಥ.

೪

ಈ ಬೇಡಿಕೆಗಳು ವ್ಯರ್ಥವಾಗಲಿಲ್ಲ. ಅವುಗಳ ಫಲವಾಗಿ ನೆಟ್‌ಕಾನ್ಫ್ ಎಂಬ ಪ್ರೋಟೋಕಾಲ್ ೨೦೦೬ರ ಡಿಸೆಂಬರಿನಲ್ಲಿ ಆರ್‌ಎಫ್‌ಸಿ ೪೭೪೧ ಆಗಿ ಹೊರಬಂದು, ೨೦೧೧ರಲ್ಲಿ ಆರ್‌ಎಫ್‌ಸಿ ೬೨೪೧ ಆಗಿ ಪರಿಷ್ಕೃತವಾಯಿತು. ಸಂರಚನೆಯ ರೂಪವನ್ನು ನಿರೂಪಿಸಲು ಯಾಂಗ್ ಎಂಬ ಭಾಷೆ ೨೦೧೦ರಲ್ಲಿ ಬಂದಿತು. ತಿದ್ದುಪಡಿಯ ಕರಡನ್ನು ನಡೆಯುತ್ತಿರುವ ಸಂರಚನೆಗೆ ತಾಗದಂತೆ ಬೇರೆಯಾಗಿ ಬರೆದು, ಪರೀಕ್ಷಿಸಿ, ಅನಂತರ ಜಾರಿಗೆ ತರುವ ಏರ್ಪಾಡು ನೆಟ್‌ಕಾನ್ಫಿನಲ್ಲಿ ಐಚ್ಛಿಕವಾಗಿ ಉಂಟು. ಇನ್ನೊಂದು ಏರ್ಪಾಡಂತೂ ಮನುಷ್ಯಸ್ವಭಾವವನ್ನು ಬಲ್ಲವರ ಕೈಯದು. ಜಾರಿಗೆ ತಂದ ಬದಲಾವಣೆಯನ್ನು ನಿರ್ವಾಹಕನು ನಿಯತ ಕಾಲದೊಳಗೆ ಮತ್ತೊಮ್ಮೆ ದೃಢಪಡಿಸದಿದ್ದರೆ ಯಂತ್ರ ತಾನಾಗಿಯೇ ಹಿಂದಿನ ಸ್ಥಿತಿಗೆ ಮರಳುತ್ತದೆ. ಬೇರೆ ಅವಧಿಯನ್ನು ಹೇಳದಿದ್ದರೆ ಅದು ೬೦೦ ಸೆಕೆಂಡು. ತಾನು ಕುಳಿತ ಕೊಂಬೆಯನ್ನೇ ಕಡಿದುಕೊಂಡ ನಿರ್ವಾಹಕನಿಗೆ ಹತ್ತು ನಿಮಿಷಗಳಲ್ಲಿ ಕೊಂಬೆ ಮತ್ತೆ ದೊರೆಯುತ್ತದೆ. ಇಚ್ಛೆ ಬೇರೆ, ಸ್ಥಿತಿ ಬೇರೆ ಎಂಬ ಮೊದಲ ಗುಂಪಿನ ಬೇಡಿಕೆಗೂ ೨೦೧೮ರ ಆರ್‌ಎಫ್‌ಸಿ ೮೩೪೨ರಲ್ಲಿ ಪೂರ್ಣಪ್ರಮಾಣದ ಉತ್ತರ ಸಿಕ್ಕಿತು.

ಮೂರು ದಿನದ ಗೋಷ್ಠಿಯೊಂದರ ಪಟ್ಟಿ ಹದಿನೈದು ವರ್ಷಕ್ಕೂ ಮೀರಿ ಕೆಲಸವನ್ನು ನಡೆಸಿತೆಂದರೆ ಅದರ ಸತ್ತ್ವವನ್ನು ಸಂಶಯಿಸುವಂತಿಲ್ಲ. ಈ ಗೌರವವನ್ನು ಸಲ್ಲಿಸಿಯೇ ನಾವು ಅದರ ಲೋಪಕ್ಕೆ ಬರುತ್ತೇವೆ.

೫

ಲೋಪ ಇಷ್ಟೇ: ಹದಿನಾಲ್ಕು ಬೇಡಿಕೆಗಳಲ್ಲಿ ಒಂದೂ, ಬದಲಾವಣೆಯ ಕಾರಣವನ್ನು ಬದಲಾವಣೆಯೊಡನೆ ಕಾಪಾಡಿಕೊಡು ಎಂದು ಕೇಳುವುದಿಲ್ಲ. ಏನು ಬದಲಾಯಿತು, ಯಾವಾಗ ಬದಲಾಯಿತು, ಯಾರಿಗೆ ಬದಲಾಯಿಸುವ ಅಧಿಕಾರವಿದೆ ಎಂಬುದೆಲ್ಲ ಆ ಪಟ್ಟಿಯ ಲಕ್ಷ್ಯದೊಳಗಿದೆ. ಏಕೆ ಎಂಬುದು ಇಲ್ಲ. ಹತ್ತನೆಯ ಬೇಡಿಕೆಯಲ್ಲಿ ಅದಕ್ಕೊಂದು ಕಿಂಡಿಯುಂಟೆಂದು ಹೇಳಬಹುದು. ಆರ್‌ಸಿಎಸ್, ಸಿವಿಎಸ್‌ಗಳು ಹೊಸ ಪ್ರತಿಯನ್ನು ಸೇರಿಸುವಾಗ ಒಂದು ಟಿಪ್ಪಣಿಯನ್ನು ಬೇಡುವುದು ನಿಜ. ಆದರೆ ರಾನ್ಸಿಡ್‌ನಂತಹ ಉಪಕರಣ ರಾತ್ರಿಯಲ್ಲಿ ತಾನೇ ಹೋಗಿ ಪ್ರತಿಯನ್ನು ತರುವಾಗ, ಆ ಟಿಪ್ಪಣಿಯನ್ನು ಬರೆಯತಕ್ಕದ್ದು ಯಂತ್ರವೇ. ಹಗಲಿನಲ್ಲಿ ಮನುಷ್ಯ ಏಕೆ ತಿದ್ದಿದನೆಂಬುದನ್ನು ಅದು ತಿಳಿಯುವ ಬಗೆಯೇನು?

ಪಟ್ಟಿಯ ಲೋಪ ಪಟ್ಟಿಯಿಂದ ಹುಟ್ಟಿದ ಕೃತಿಗಳಿಗೂ ಇಳಿದುಬಂದಿತು. ಆರ್‌ಎಫ್‌ಸಿ ೬೨೪೧ರಲ್ಲಿ ಸಂರಚನೆಯನ್ನು ಜಾರಿಗೆ ತರುವ ಆಜ್ಞೆಗೆ ನಾಲ್ಕು ವಿಶೇಷಣಗಳನ್ನು ವಿಧಿಸಿದ್ದಾರೆ. ದೃಢೀಕರಣ ಬೇಕೇ ಎಂಬುದೊಂದು, ಅದರ ಅವಧಿಯೊಂದು, ಸಂಪರ್ಕ ಕಡಿದರೂ ಬದಲಾವಣೆ ಉಳಿಯುವಂತೆ ಮಾಡುವ ಗುರುತು ಸಂಬಂಧವಾದುವು ಎರಡು. ಕಾರಣಕ್ಕೆ ಸ್ಥಳವಿಲ್ಲ. ಸಂರಚನೆ ಬದಲಾದಾಗ ಯಂತ್ರ ಹೊರಡಿಸತಕ್ಕ ಪ್ರಕಟಣೆಯನ್ನು ೨೦೧೨ರ ಆರ್‌ಎಫ್‌ಸಿ ೬೪೭೦ ವಿಧಿಸುತ್ತದೆ. ಬದಲಾಯಿಸಿದವನ ಹೆಸರು, ಅವನು ಬಂದ ಯಂತ್ರದ ವಿಳಾಸ, ಬದಲಾದ ಭಾಗ, ಬದಲಾವಣೆಯ ಬಗೆ, ಎಲ್ಲವೂ ಅದರಲ್ಲುಂಟು. ಕಾರಣಕ್ಕೆ ಅಲ್ಲಿಯೂ ಸ್ಥಳವಿಲ್ಲ. ಸಿಸ್ಕೋ ಯಂತ್ರಗಳ ಸಂರಚನೆಯ ತಲೆಯಲ್ಲಿ ಕೊನೆಯ ಬದಲಾವಣೆ ಯಾವ ಹೊತ್ತಿನಲ್ಲಿ ಯಾರಿಂದಾಯಿತೆಂಬ ಸಾಲು ಬರುತ್ತದೆ. ಆದರೆ ಆಶ್ಚರ್ಯಚಿಹ್ನೆಯಿಂದ ತೊಡಗಿಸಿ ನಿರ್ವಾಹಕನು ತಾನಾಗಿ ಬರೆದ ವಿವರಣೆಯ ಸಾಲನ್ನು ಅದೇ ಯಂತ್ರ ಓದಿ ಬಿಸುಡುತ್ತದೆ, ಕಾದಿಡುವುದಿಲ್ಲ.

ಪಕ್ಷಪಾತ ಬಾರದಂತೆ ಅಪವಾದಗಳನ್ನೂ ಹೇಳಬೇಕು. ಪ್ರವೇಶ ಪಟ್ಟಿಯಲ್ಲಿ ರಿಮಾರ್ಕ್ ಎಂದು ಬರೆದ ಸಾಲನ್ನು ಸಿಸ್ಕೋ ಯಂತ್ರ ಉಳಿಸಿಕೊಳ್ಳುತ್ತದೆ. ಜೂನಿಪರ್ ಸಂಸ್ಥೆಯ ಜೂನೋಸ್‌ನಲ್ಲಿ ಬದಲಾವಣೆಯನ್ನು ಜಾರಿಗೆ ತರುವಾಗ ಒಂದು ಟಿಪ್ಪಣಿಯನ್ನು ಜೊತೆಗೆ ಬರೆಯಬಹುದು. ಇನ್ನೂ ಗಮನಾರ್ಹವಾದುದು ೨೦೧೭ರ ಆರ್‌ಎಫ್‌ಸಿ ೮೦೭೨. ಹಲವು ತಿದ್ದುಪಡಿಗಳನ್ನು ಒಂದು ಕಟ್ಟಾಗಿ ಕಳುಹಿಸುವ ವಿಧಾನವನ್ನು ಹೇಳುತ್ತ, ಆ ಕಟ್ಟನ್ನು ವಿವರಿಸುವ ಟಿಪ್ಪಣಿಗೆ ಅದು ಒಂದು ಸ್ಥಳವನ್ನಿಟ್ಟಿದೆ. ಯಂತ್ರದ ದಿನಚರಿಯಲ್ಲಿ ಆ ಟಿಪ್ಪಣಿಯೂ ಕಾಣಿಸಿಕೊಳ್ಳಬೇಕೆಂದು ಶಿಫಾರಸು ಮಾಡಿದೆ. ರೆಸ್ಟನ್ ಗೋಷ್ಠಿಯಾದ ಹದಿನೈದು ವರ್ಷಗಳ ಮೇಲೆ ಕಾರಣಕ್ಕೊಂದು ಮೂಲೆ ದೊರೆಯಿತು. ಅದೂ ಬೇಕಾದರೆ ತುಂಬು, ಬೇಡವಾದರೆ ಬಿಡು ಎಂಬಂಥ ಮೂಲೆ.

೬

ಇದು ಕೇವಲ ಗ್ರಂಥಸ್ಥ ಆಕ್ಷೇಪವೆಂದು ಯಾರಾದರೂ ತಿಳಿದಾರು. ಎರಡು ಘಟನೆಗಳನ್ನು ಅವರ ಗಮನಕ್ಕೆ ತರುತ್ತೇವೆ.

೨೦೨೨ನೆಯ ಇಸವಿ ಜೂನ್ ೨೧ರಂದು ಕ್ಲೌಡ್‌ಫ್ಲೇರ್ ಸಂಸ್ಥೆಯ ೧೯ ದತ್ತಾಂಶ ಕೇಂದ್ರಗಳು ಒಂದು ಗಂಟೆಗೂ ಮೇಲ್ಪಟ್ಟು ಸ್ತಬ್ಧವಾದುವು. ಅವರೇ ಪ್ರಕಟಿಸಿದ ವಿವರಣೆಯಂತೆ, ಮಾರ್ಗಗಳನ್ನು ಸಾರುವ ನೀತಿಯಲ್ಲಿ ಕೆಲವು ನಿಯಮಗಳ ಕ್ರಮ ಬದಲಾಯಿತು. ಉಳಿದುದನ್ನೆಲ್ಲ ತಿರಸ್ಕರಿಸು ಎಂಬ ನಿಯಮದ ಕೆಳಕ್ಕೆ ಬೇಕಾದ ನಿಯಮಗಳು ಸರಿದುವು. ಹತ್ತನೆಯ ಬೇಡಿಕೆ ಇಪ್ಪತ್ತು ವರ್ಷ ಮೊದಲೇ ಅಂಜಿದ್ದುದು ಕ್ರಮಭಂಗವನ್ನೇ. ಅಲ್ಲಿ ಯಂತ್ರದಿಂದ ಆಗಬಹುದೆಂದು ಅಂಜಿದುದು ಇಲ್ಲಿ ಮನುಷ್ಯನಿಂದಾಯಿತು. ಡಿಫ್ ಎಂಬುದು ಸರಿದ ಸಾಲನ್ನು ಇಲ್ಲಿ ಹೋಯಿತು, ಅಲ್ಲಿ ಬಂದಿತು ಎಂದು ತೋರಿಸಬಲ್ಲುದು; ಆ ಸಾಲು ಮೇಲೆಯೇ ಇರಬೇಕಾಗಿದ್ದುದೇಕೆಂದು ತೋರಿಸಲಾರದು. ದುರಸ್ತಿಯ ಗಡಿಬಿಡಿಯಲ್ಲಿ ಒಬ್ಬರು ಹಿಂದಕ್ಕೆ ತಂದುದನ್ನು ಮತ್ತೊಬ್ಬರು ಅರಿಯದೆ ಮತ್ತೆ ಅಳಿಸಿ, ತೊಂದರೆ ಅಲ್ಲಲ್ಲಿ ಮರುಕಳಿಸಿತೆಂದೂ ಅದೇ ವಿವರಣೆ ಒಪ್ಪಿಕೊಂಡಿದೆ. ತಮ್ಮ ತಪ್ಪನ್ನು ಇಷ್ಟು ವಿವರವಾಗಿ ಪ್ರಕಟಿಸಿದ್ದಕ್ಕೆ ಅವರು ಪ್ರಶಂಸಾರ್ಹರು.

ಅದೇ ವರ್ಷ ಜುಲೈ ೮ರಂದು ಕೆನಡಾದ ರಾಜರ್ಸ್ ಸಂಸ್ಥೆಯ ಜಾಲವೇ ಕುಸಿದು, ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಗ್ರಾಹಕರು ದೂರವಾಣಿ ಮತ್ತು ಇಂಟರ್‌ನೆಟ್ ಸಂಪರ್ಕಗಳನ್ನು ಕಳೆದುಕೊಂಡರು. ಆ ದೇಶದ ದೂರಸಂಪರ್ಕ ಆಯೋಗ ತಜ್ಞರಿಂದ ತನಿಖೆ ಮಾಡಿಸಿ ೨೦೨೪ರಲ್ಲಿ ವರದಿಯ ಸಾರಾಂಶವನ್ನು ಹೊರತಂದಿತು. ರೂಟರುಗಳ ಸಂರಚನೆಯಲ್ಲಿ ಒಂದು ಸೋಸುನಿಯಮವನ್ನು ತೆಗೆದುಹಾಕಿದುದರಿಂದ ಜಾಲದ ನಡುಭಾಗಕ್ಕೆ ಮಿತಿಮೀರಿ ಮಾರ್ಗಗಳು ನುಗ್ಗಿ ಯಂತ್ರಗಳು ಕುಸಿದುವು. ಆ ಕೆಲಸ ಏಳು ಹಂತಗಳ ಒಂದು ಬದಲಾವಣೆಯಲ್ಲಿ ಆರನೆಯದು. ಆರಂಭದಲ್ಲಿ ಈ ಕಾರ್ಯವನ್ನು ಹೆಚ್ಚು ಅಪಾಯದ್ದೆಂದು ಗುರುತಿಸಿದ್ದರು. ಹಿಂದಿನ ಹಂತಗಳು ಸುಸೂತ್ರವಾಗಿ ನಡೆದುದರಿಂದ ಆರನೆಯ ಹಂತದ ವೇಳೆಗೆ ಅಪಾಯದ ದರ್ಜೆ ಕೆಳಗಿಳಿದಿತ್ತು. ಇದರಿಂದ ನಾವು ಊಹಿಸುವುದು ಇಷ್ಟು: ಹಿಂದೆ ಏನೂ ಆಗಲಿಲ್ಲ ಎಂಬ ಅನುಭವ, ಈ ನಿಯಮ ಏಕೆ ನಿಂತಿದೆ ಎಂಬ ಪ್ರಶ್ನೆಯ ಸ್ಥಾನವನ್ನು ಆಕ್ರಮಿಸಿತು. ಸೋಸುನಿಯಮದ ಪಕ್ಕದಲ್ಲಿ ಅದರ ಪ್ರಯೋಜನವನ್ನು ಒಂದು ಸಾಲಿನಲ್ಲಿ ಬರೆದಿದ್ದರೆ ಅನಾಹುತ ತಪ್ಪುತ್ತಿತ್ತೆಂದು ನಾವು ಸಾಧಿಸಹೊರಟಿಲ್ಲ. ಹಾಗೆ ಹೇಳಲು ಆಧಾರವಿಲ್ಲ. ಇದ್ದಿದ್ದರೆ, ತೆಗೆಯಹೊರಟ ಕೈ ಓದಲು ಏನಾದರೂ ಸಿಗುತ್ತಿತ್ತೆಂದಷ್ಟೇ ನಮ್ಮ ಮಾತು.

೭

ನಮ್ಮ ಆಕ್ಷೇಪಕ್ಕೆ ಮೂರು ಸಮಾಧಾನಗಳು ಬರಬಹುದು.

ಮೊದಲನೆಯದು: ಕಾರಣವನ್ನು ಬರೆಯಲು ಬೇರೆ ಪುಸ್ತಕಗಳಿವೆ, ದೊಡ್ಡ ಸಂಸ್ಥೆಗಳಲ್ಲಿ ಪ್ರತಿಯೊಂದು ಬದಲಾವಣೆಗೂ ಅರ್ಜಿಯುಂಟು, ಮಂಜೂರಾತಿಯುಂಟು. ನಿಜ. ಆದರೆ ಎರಡು ಕಡೆ ಇಟ್ಟ ದಾಖಲೆಗಳು ಬೇರ್ಪಡುವುದು ಕಾಲಧರ್ಮ. ದೇವಾಲಯದ ಗೋಡೆಯ ಶಾಸನ ಉಳಿದು, ಅದರ ವಿವರಗಳಿದ್ದ ಓಲೆಗಳು ಗೆದ್ದಲಿಗೆ ಆಹಾರವಾದ ಕತೆ ನಮ್ಮ ನಾಡಿನ ಊರೂರಿನದು. ಅರ್ಜಿಗಳನ್ನಿಡುವ ಏರ್ಪಾಡನ್ನು ಸಂಸ್ಥೆ ಬದಲಾಯಿಸಿದ ದಿನ ಹಳೆಯ ಅರ್ಜಿಗಳು ಹೋಗುತ್ತವೆ. ಸಾಲು ಮಾತ್ರ ರೂಟರಿನಲ್ಲಿ ನಿಂತಿರುತ್ತದೆ.

ಎರಡನೆಯದು: ಕಾರಣ ಬರೆಯ ಹೇಳಿದರೆ ಜನ ಸುಳ್ಳನ್ನೋ ಶೂನ್ಯವನ್ನೋ ಬರೆಯುತ್ತಾರೆ, ತಿದ್ದಲಾಯಿತು ಎಂಬ ಒಂದೇ ಮಾತು ಸಾವಿರ ಬಾರಿ ಬರುತ್ತದೆ. ಇದೂ ನಿಜ. ಆದರೆ ಸುಳ್ಳು ದಾಖಲೆಯೂ ದಾಖಲೆಯೇ. ಗಂಗರ ತಾಮ್ರಪಟಗಳಲ್ಲಿ ಹಲವನ್ನು ಫ್ಲೀಟ್ ಕೂಟಶಾಸನಗಳೆಂದು ತಳ್ಳಿಹಾಕಿದರು. ರೈಸ್ ಅದನ್ನು ಒಪ್ಪಲಿಲ್ಲ. ಆ ವಾದದಿಂದ ಶಾಸನಶಾಸ್ತ್ರ ಬೆಳೆಯಿತೇ ಹೊರತು ಕುಂದಲಿಲ್ಲ. ಬರೆದುದನ್ನು ಪರೀಕ್ಷಿಸಬಹುದು, ಬರೆಯದೆ ಬಿಟ್ಟುದನ್ನು ಪರೀಕ್ಷಿಸುವ ವಿಧಾನವಿಲ್ಲ.

ಮೂರನೆಯದು ಎಲ್ಲಕ್ಕಿಂತ ಬಲವಾದುದು: ನಿರ್ವಾಹಕರು ಕಾರಣವನ್ನು ಕೇಳಲೇ ಇಲ್ಲ, ಕೇಳದಿದ್ದುದನ್ನು ವರದಿಯಲ್ಲಿ ಬರೆಯುವುದು ಹೇಗೆ? ಈ ಪ್ರಶ್ನೆಗೆ ಉತ್ತರವನ್ನು ಹುಡುಕಿದಾಗಲೇ ಲೋಪದ ಮೂಲ ಹೊಳೆಯುತ್ತದೆ. ರೆಸ್ಟನ್ನಿನ ಕೊಠಡಿಯಲ್ಲಿ ಎರಡು ಪಕ್ಷಗಳಿಗೆ ಪೀಠವಿತ್ತು: ಯಂತ್ರವನ್ನು ನಡೆಸುವವರಿಗೆ ಮತ್ತು ಪ್ರೋಟೋಕಾಲನ್ನು ರಚಿಸುವವರಿಗೆ. ತಾನು ನಡೆಸುವ ಯಂತ್ರದ ಸಾಲಿಗೆ ಕಾರಣವೇನೆಂದು ನಡೆಸುವವನು ಬಲ್ಲ; ಬಲ್ಲುದನ್ನು ಅವನು ಬೇಡುವುದಿಲ್ಲ. ಮೂರನೆಯ ಪಕ್ಷವೊಂದುಂಟು. ಹತ್ತು ವರ್ಷಗಳ ಮೇಲೆ ಅದೇ ಕುರ್ಚಿಯಲ್ಲಿ ಬಂದು ಕೂರುವ ಉತ್ತರಾಧಿಕಾರಿ ಆ ಪಕ್ಷದವನು. ಅವನು ಆ ಗೋಷ್ಠಿಗೆ ಬರುವಂತಿರಲಿಲ್ಲ. ಅವನ ಪರವಾಗಿ ಮಾತನಾಡುವವರೂ ಇರಲಿಲ್ಲ.

ಈ ವಿಷಯದಲ್ಲಿ ನಮ್ಮ ಹಿಂದಿನವರ ತಾಮ್ರಪಟಗಳು ಹೆಚ್ಚು ಎಚ್ಚರದವು. ದಾನಶಾಸನದಲ್ಲಿ ಕಾಲ, ದಾನಿ, ಪ್ರತಿಗ್ರಹಿ, ಎಲ್ಲೆಕಟ್ಟು, ಬರೆದವನ ಹೆಸರು ಇರುವಂತೆ ಅನೇಕ ವೇಳೆ ದಾನದ ನಿಮಿತ್ತವೂ ಇರುತ್ತದೆ: ಗ್ರಹಣವೋ, ಸಂಕ್ರಾಂತಿಯೋ, ಯುದ್ಧದಲ್ಲಿ ಮಡಿದವನ ಸೇವೆಯೋ. ಕೊನೆಯಲ್ಲಿ ಬರುವ ಶಾಪಾಶಯದ ಭಾಗ ಮುಂದೆ ಆಳತಕ್ಕ ಅರಸರನ್ನು ಉದ್ದೇಶಿಸಿದುದು. ಶಾಸನ ಬರೆಸಿದವನಿಗೆ ತನ್ನ ಓದುಗ ಇನ್ನೂ ಹುಟ್ಟಿಲ್ಲವೆಂಬುದು ಗೊತ್ತಿತ್ತು. ರೆಸ್ಟನ್ನಿನ ಹದಿನಾಲ್ಕು ಬೇಡಿಕೆಗಳಲ್ಲಿ ನಾವು ಕಾಣದಿರುವುದು ಈ ಓದುಗನ ಮೇಲಣ ದೃಷ್ಟಿಯನ್ನು.

೮

ಸಾರಾಂಶವಾಗಿ ಹೇಳುವುದಾದರೆ, ಆರ್‌ಎಫ್‌ಸಿ ೩೫೩೫ ತನ್ನ ಕಾಲದ ವಿಚಾರವಂತರ ಪ್ರಾಮಾಣಿಕ ಆತ್ಮಪರೀಕ್ಷೆ. ಇಚ್ಛೆಯನ್ನೂ ಸ್ಥಿತಿಯನ್ನೂ ಬೇರ್ಪಡಿಸಿದುದು, ಪಾಠಾಂತರಗಳ ಹೋಲಿಕೆಗೆ ಮಾನ್ಯತೆ ತಂದುದು, ತಜ್ಞನ ಮುಂದೆ ಬಳಕೆದಾರನ ಮಾತಿಗೆ ಬೆಲೆ ಕೊಟ್ಟುದು, ಇವು ಅದರ ಶಾಶ್ವತ ಗುಣಗಳು. ಸಂರಚನೆಯನ್ನು ಚರಿತ್ರೆಯುಳ್ಳ ಬರಹವೆಂದು ಭಾವಿಸದೆ ಸ್ಥಿತಿಗಳ ಸರಣಿಯೆಂದು ಮಾತ್ರ ಭಾವಿಸಿದುದು ಅದರ ದೋಷ. ೨೦೨೪ರ ಡಿಸೆಂಬರಿನಲ್ಲಿ ಅದೇ ಮಂಡಲಿ ಇದೇ ವಿಷಯವಾಗಿ ಮತ್ತೊಂದು ಗೋಷ್ಠಿಯನ್ನು ನಡೆಸಿದೆ. ಹೊಸ ಪಟ್ಟಿಗಳು ಸಿದ್ಧವಾಗುವ ಈ ಕಾಲದಲ್ಲಿ ಹದಿನೈದನೆಯದಾಗಿ ಒಂದು ಬೇಡಿಕೆಯನ್ನು ಸೇರಿಸಬೇಕೆಂದು ನಮ್ಮ ಸೂಚನೆ: ಬದಲಾವಣೆಯ ಕಾರಣ ಬದಲಾವಣೆಯ ಜೊತೆಯಲ್ಲಿಯೇ ಪಯಣಿಸಬೇಕು, ಸಾಲು ಇರುವಷ್ಟು ಕಾಲ ಇರಬೇಕು, ಸಾಲು ಅಳಿದ ಮೇಲೂ ಭಂಡಾರದಲ್ಲಿ ಉಳಿಯಬೇಕು.

ಚರಿತ್ರೆಯ ವಿದ್ಯಾರ್ಥಿಗಳಿಗೂ ಒಂದು ಮಾತು. ನಮ್ಮ ಕಾಲದ ಆಡಳಿತ ಬಹುಮಟ್ಟಿಗೆ ಇಂತಹ ಯಂತ್ರಗಳ ಮೂಲಕ ನಡೆಯುತ್ತಿದೆ. ಯಾವ ಊರಿಗೆ ಯಾವ ದಿನ ಸಂಪರ್ಕ ಕಡಿಯಿತು, ಯಾವ ವಿಳಾಸ ಯಾರಿಗೆ ತಡೆಯಲ್ಪಟ್ಟಿತು ಎಂಬುದನ್ನು ಮುಂದಿನ ಚರಿತ್ರಕಾರನು ಈ ಕಡತಗಳಲ್ಲಿಯೇ ಹುಡುಕಬೇಕಾದೀತು. ಅವನ್ನು ಓದುವ ವಿಧಾನವನ್ನು ಈಗಲೇ ಅಭ್ಯಾಸಮಾಡುವುದು ಒಳ್ಳೆಯದು.

ಲೇಖನದ ಮೊದಲಲ್ಲಿ ಹೇಳಿದ ಕಾಲೇಜಿನ ಸಾಲನ್ನು ಕೊನೆಗೆ ಒಂದು ಭಾನುವಾರ, ಜಾಲದಲ್ಲಿ ಯಾರೂ ಇಲ್ಲದ ವೇಳೆ ನೋಡಿ, ತೆಗೆದರು. ಯಾವ ಅನಾಹುತವೂ ಆಗಲಿಲ್ಲ. ಏಕೆ ತೆಗೆದಿರೆಂಬುದನ್ನು ಬರೆದಿಡಿ ಎಂದು ನಾವು ಕೋರಿದೆವು. ಸಾಲೇ ಇಲ್ಲವಾದ ಮೇಲೆ ಅದರ ಪಕ್ಕದಲ್ಲಿ ಬರೆಯುವುದೆಲ್ಲಿ ಎಂಬ ಪ್ರಶ್ನೆ ಹುಟ್ಟಿತು. ಸ್ವಲ್ಪ ಹೊತ್ತು ಚರ್ಚೆಯಾಗಿ, ಪ್ರಯೋಗಶಾಲೆಯ ಬೆಂಚುಕುರ್ಚಿಗಳ ಲೆಕ್ಕವಿಡುವ ದಪ್ಪ ರಿಜಿಸ್ಟರಿನ ಕೊನೆಯ ಪುಟದಲ್ಲಿ ದಿನಾಂಕದೊಡನೆ ನಾಲ್ಕು ಸಾಲು ಬರೆದು ರುಜು ಹಾಕಿದರು. ಆ ಕಾಲೇಜಿನ ಜಾಲದ ಚರಿತ್ರೆಯಲ್ಲಿ ಏಕೆ ಎಂಬುದಕ್ಕೆ ಉತ್ತರ ಹೇಳುವ ದಾಖಲೆ ಸದ್ಯಕ್ಕೆ ಅದೊಂದೇ.